ಸಮರ್ಕಂದ್-ಬುಖಾರಾ ಸಾಮೂಹಿಕ ಪ್ರವಾಸ: ಯೋಜನೆ ಮತ್ತು ವೆಚ್ಚದ ಲೆಕ್ಕ

ವಾಣಿಜ್ಯ ಸಂಘಗಳು ತಮ್ಮ ಸದಸ್ಯರಿಗೂ ಅವರ ಕುಟುಂಬದವರಿಗೂ ವಿದೇಶ ಪ್ರವಾಸ ಏರ್ಪಡಿಸುವುದು ಈಗ ಅಪರೂಪದ ಸಂಗತಿಯೇನಲ್ಲ. ಸಿಂಗಪುರ, ದುಬೈ, ಬ್ಯಾಂಕಾಕ್‌ಗಳನ್ನು ಕಂಡುಬಂದ ಸದಸ್ಯರು ಮುಂದಿನ ಬಾರಿ ಪ್ರಾಚೀನ ನಗರಗಳನ್ನು ನೋಡಬಯಸುವುದೂ ಸಹಜ. ಆದರೆ ಅಂಗಡಿಗೆ ಸರಕು ಕೊಳ್ಳುವಾಗ ಪೈಸೆ ಪೈಸೆಗೂ ಲೆಕ್ಕ ಕೇಳುವ ವರ್ತಕರು, ಸಂಘದ ಪ್ರವಾಸದ ವಿಷಯದಲ್ಲಿ ಮಾತ್ರ ‘ತಲೆಗೆ ಇಷ್ಟು’ ಎಂಬ ಒಂದೇ ಅಂಕಿಯನ್ನು ಕೇಳಿ ತೃಪ್ತರಾಗುತ್ತಾರೆ. ಆ ಅಂಕಿ ಎಷ್ಟು ಜನರ ಆಧಾರದ ಮೇಲೆ ನಿಗದಿಯಾಯಿತು, ಅಷ್ಟು ಜನ ಹೊರಡದಿದ್ದರೆ ಕೊರತೆಯನ್ನು ಯಾರು ಭರಿಸಬೇಕು ಎಂಬ ಪ್ರಶ್ನೆ ಹೊರಡುವ ಮುನ್ನ ಏಳುವುದಿಲ್ಲ. ಹಿಂತಿರುಗಿದ ಮೇಲೆ, ಸಂಘದ ವಾರ್ಷಿಕ ಸಭೆಯಲ್ಲಿ ಏಳುತ್ತದೆ. ಆಗ ಹಣದ ಜೊತೆಗೆ ಹಲವು ವರ್ಷಗಳ ವಿಶ್ವಾಸವೂ ಕೆಡುತ್ತದೆ.

ಪ್ರವಾಸದ ಯೋಜನೆಯನ್ನು ಒಂದು ತಯಾರಿಕಾ ಆದೇಶದಂತೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗಾಗಿ ಉಜ್ಬೇಕಿಸ್ತಾನದ ಪ್ರಾಚೀನ ನಗರಗಳನ್ನು ಆರಿಸಿಕೊಳ್ಳಲಾಗಿದೆ. ದೆಹಲಿಯಿಂದ ತಾಷ್ಕೆಂಟ್‌ಗೆ ನೇರ ವಿಮಾನದಲ್ಲಿ ಸುಮಾರು ಮೂರು ಗಂಟೆಗಳ ಪ್ರಯಾಣ. ಭಾರತೀಯರಿಗೆ 2018ರಿಂದ ಇಲೆಕ್ಟ್ರಾನಿಕ್ ವೀಸಾ ಸೌಲಭ್ಯವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಈ ಊರುಗಳು ಬೆಳೆದದ್ದೇ ವ್ಯಾಪಾರದಿಂದ.

ಎಷ್ಟು ಊರು, ಎಷ್ಟು ದಿನ

ಪ್ರವಾಸ ಕಂಪನಿಗಳ ಪ್ರಕಟಣೆಗಳಲ್ಲಿ ಊರುಗಳ ಹೆಸರು ಹೆಚ್ಚಿದಷ್ಟೂ ಪ್ರವಾಸ ಅಗ್ಗವೆಂಬ ಭಾವನೆ ಮೂಡುತ್ತದೆ. ವಾಸ್ತವವಾಗಿ ಇಂತಹ ಪ್ರವಾಸದಲ್ಲಿ ಅತ್ಯಂತ ವಿರಳವಾದ ಸಾಮಗ್ರಿ ಎಂದರೆ ಹಗಲಿನ ಹೊತ್ತು ಮತ್ತು ಹಿರಿಯ ಸದಸ್ಯರ ಕಾಲಿನ ಶಕ್ತಿ. ಮೂವತ್ತು ಜನರ ತಂಡ ಹೋಟೆಲು ಬಿಟ್ಟು ಬಸ್ಸನ್ನೇರುವುದಕ್ಕೇ ಮುಕ್ಕಾಲು ಗಂಟೆ ಬೇಕು. ಪ್ರತಿ ಬಾರಿ ಊರು ಬದಲಿಸಿದಾಗಲೂ ಅರ್ಧ ದಿನ ಕಳೆಯಿತೆಂದೇ ತಿಳಿಯಬೇಕು.

ತಾಷ್ಕೆಂಟ್ ನಗರವು 1966ರ ಏಪ್ರಿಲ್ 26ರ ಭೂಕಂಪದಲ್ಲಿ ಬಹುಮಟ್ಟಿಗೆ ಹಾಳಾಗಿ ಪುನಃ ಕಟ್ಟಲ್ಪಟ್ಟದ್ದು; ಹಳೆಯ ನಗರವನ್ನು ಅರಸಿ ಹೋದವರಿಗೆ ಅಲ್ಲಿ ಒಂದು ದಿನ ಸಾಕು. ಅದೇ ವರ್ಷದ ಜನವರಿ 10ರಂದು ಭಾರತ-ಪಾಕಿಸ್ತಾನ ಒಪ್ಪಂದಕ್ಕೆ ಸಹಿಯಾದದ್ದೂ, ಮರುದಿನ ನಸುಕಿಗೆ ಮುನ್ನವೇ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ನಿಧನರಾದದ್ದೂ ಈ ಊರಿನಲ್ಲೇ. ಅವರ ಹೆಸರಿನ ಬೀದಿ ಹಾಗೂ ಪ್ರತಿಮೆಯನ್ನು ಕಾಣದೆ ಬರುವ ಭಾರತೀಯ ತಂಡ ವಿರಳ. ಅದಕ್ಕೆ ಒಂದು ಗಂಟೆ ಮೀಸಲಿಡತಕ್ಕದ್ದು.

ಸಮರ್ಕಂದ್‌ಗೆ ಮೂರು ರಾತ್ರಿ ಕೊಡುವುದು ಯುಕ್ತ. ರೆಗಿಸ್ತಾನ್ ಚೌಕದ ಮೂರು ಮದರಸಾಗಳಲ್ಲಿ ಉಲುಗ್ ಬೇಗ್‌ನದು 1420ರಲ್ಲಿ ಮುಗಿದರೆ ಶೇರ್-ದೋರ್ ಮತ್ತು ತಿಲ್ಯಾ-ಕೋರಿ ಕಟ್ಟಡಗಳು 17ನೆಯ ಶತಮಾನದವು. ತೈಮೂರನ ಸಮಾಧಿಯಾದ ಗೂರ್-ಎ-ಅಮೀರ್, ಬೀಬಿ ಖಾನಂ ಮಸೀದಿ, ಕಡಿದಾದ ಮೆಟ್ಟಿಲುಗಳ ಶಾಹ್-ಇ-ಜಿಂದಾ, ಉಲುಗ್ ಬೇಗ್‌ನ ವೀಕ್ಷಣಾಲಯದ ಅವಶೇಷ ಇವೆಲ್ಲವನ್ನೂ ಒಂದೇ ದಿನದಲ್ಲಿ ತೋರಿಸುವ ಕಾರ್ಯಕ್ರಮಗಳಿವೆ. ಸಂಜೆಯ ವೇಳೆಗೆ ತಂಡದ ಅರ್ಧ ಜನ ಬಸ್ಸಿನಲ್ಲೇ ಕುಳಿತಿರುತ್ತಾರೆ. ಬುಖಾರಾದಲ್ಲಿ ಹಳೆಯ ಊರಿನ ಮುಖ್ಯ ಸ್ಥಳಗಳೆಲ್ಲ ನಡಿಗೆಯ ದೂರದಲ್ಲಿದ್ದು ಎರಡು ರಾತ್ರಿ ಸಾಕಾಗುತ್ತದೆ.

ಖೀವಾದ ಪ್ರಶ್ನೆ ಕಠಿಣ. ಅಲ್ಲಿನ ಇಚಾನ್ ಕಲಾ ಕೋಟೆಯು 1990ರಲ್ಲಿ, ಬುಖಾರಾ 1993ರಲ್ಲಿ ಮತ್ತು ಸಮರ್ಕಂದ್ 2001ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನೋಡತಕ್ಕ ಊರೆಂಬುದು ನಿರ್ವಿವಾದ. ಆದರೆ ಬುಖಾರಾದಿಂದ ಕಿಜಿಲ್‌ಕುಮ್ ಮರುಭೂಮಿಯ ಮೂಲಕ ಸುಮಾರು 450 ಕಿಲೋಮೀಟರ್ ದೂರ. ಬಸ್ಸಿನಲ್ಲಿ ಒಂದು ಪೂರ್ಣ ದಿನ. ಅರವತ್ತು ದಾಟಿದವರು ಹೆಚ್ಚಾಗಿರುವ ತಂಡ ಏಳು ರಾತ್ರಿಗಳ ಪ್ರವಾಸದಲ್ಲಿ ಖೀವಾವನ್ನು ಕೈಬಿಡುವುದೇ ಮೇಲು.

ದಿನಾಂಕದ ನಿಷ್ಕರ್ಷೆ

ಉಜ್ಬೇಕಿಸ್ತಾನಕ್ಕೆ ಅನುಕೂಲವಾದ ಕಾಲ ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್. ಜುಲೈ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದುಂಟು. ವರ್ತಕರಿಗೆ ಇದರ ಜೊತೆಗೆ ಇನ್ನೊಂದು ಪಂಚಾಂಗವಿದೆ. ಮಾರ್ಚ್ ಅಂತ್ಯದಲ್ಲಿ ಲೆಕ್ಕ ಮುಕ್ತಾಯ, ಸೆಪ್ಟೆಂಬರ್ ಅಂತ್ಯಕ್ಕೆ ಸಾಮಾನ್ಯವಾಗಿ ತೆರಿಗೆ ಲೆಕ್ಕಪರಿಶೋಧನೆ, ಅದರ ಬೆನ್ನಿಗೇ ದಸರಾ-ದೀಪಾವಳಿಯ ವ್ಯಾಪಾರ. ತಿಂಗಳು ತಿಂಗಳೂ 20ನೆಯ ತಾರೀಖಿನ ಜಿ.ಎಸ್.ಟಿ. ವಿವರಣೆ. ಎರಡು ಪಂಚಾಂಗಗಳನ್ನೂ ಒಂದರ ಮೇಲೊಂದಿಟ್ಟು ನೋಡಿದರೆ ಉಳಿಯುವುದು ಏಪ್ರಿಲ್ 21ರಿಂದ ಮೇ ಮೊದಲ ವಾರದವರೆಗಿನ ಅವಧಿ. ಮಕ್ಕಳ ರಜೆಯೂ ಆಗಲೇ. ಆದರೆ ಆ ದಿನಗಳಲ್ಲಿ ಸಮರ್ಕಂದ್‌ಗೆ ಲೋಕದ ಎಲ್ಲೆಡೆಯಿಂದಲೂ ಜನ ಬರುವುದರಿಂದ ಹಿಂದಿನ ನವೆಂಬರಿನಲ್ಲಿಯೇ ಕೊಠಡಿಗಳನ್ನು ಗೊತ್ತುಪಡಿಸಬೇಕು.

ತಾಷ್ಕೆಂಟ್‌ನಿಂದ ಸಮರ್ಕಂದ್‌ಗೆ 2011ರಲ್ಲಿ ಆರಂಭವಾಗಿ 2016ರಲ್ಲಿ ಬುಖಾರಾದವರೆಗೆ ವಿಸ್ತರಿಸಲಾದ ‘ಅಫ್ರಾಸಿಯೋಬ್’ ವೇಗದ ರೈಲು ಮೊದಲ ಹಂತವನ್ನು ಎರಡು ಗಂಟೆಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಕ್ರಮಿಸುತ್ತದೆ. ಇದರ ಟಿಕೆಟುಗಳು ಪ್ರವಾಸದ ಕಾಲದಲ್ಲಿ ಬೇಗನೆ ತೀರಿಹೋಗುತ್ತವೆ, ಹಾಗೂ ಪಾಸ್‌ಪೋರ್ಟ್ ವಿವರವಿಲ್ಲದೆ ದೊರೆಯುವುದಿಲ್ಲ. ತಂಡದ ಹೆಸರುಗಳು ಕೊನೆಗೊಳ್ಳದೆ ರೈಲು ಕೊನೆಗೊಳ್ಳದು.

ತಲೆವೆಚ್ಚದ ಲೆಕ್ಕ

ಇನ್ನು ಮುಖ್ಯ ವಿಷಯ. ಪ್ರವಾಸದ ವೆಚ್ಚದಲ್ಲಿ ಎರಡು ಬಗೆ. ವಿಮಾನದ ಟಿಕೆಟು, ಕೊಠಡಿ, ಊಟ, ವೀಸಾ, ವಿಮೆ ಇವು ತಲೆಯ ಲೆಕ್ಕದಲ್ಲಿ ಏರಿಳಿಯುತ್ತವೆ. ಬಸ್ಸು, ಮಾರ್ಗದರ್ಶಿ, ಜೊತೆಗೆ ಬರುವ ಅಡುಗೆಯವರು, ತಂಡದ ನಾಯಕರ ‘ಉಚಿತ’ ಸ್ಥಾನ ಇವು ಇಪ್ಪತ್ತು ಜನವಿದ್ದರೂ ಮೂವತ್ತು ಜನವಿದ್ದರೂ ಒಂದೇ. ಲೆಕ್ಕದ ಅನುಕೂಲಕ್ಕಾಗಿ ಮೊದಲ ಬಗೆಯ ವೆಚ್ಚ ತಲೆಗೆ 80,000 ರೂಪಾಯಿ, ಎರಡನೆಯ ಬಗೆಯದು ಒಟ್ಟು 6,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂವತ್ತು ಜನವಾದರೆ ತಲೆಗೆ 1,00,000 ಬೀಳುತ್ತದೆ. ಸಂಘವು ಈ ದರವನ್ನು ಪ್ರಕಟಿಸಿತೆನ್ನಿ. ಕೊನೆಗೆ ಹೊರಟವರು ಇಪ್ಪತ್ತೇ ಮಂದಿಯಾದರೆ ವೆಚ್ಚ 22,00,000, ಕೂಡಿದ್ದು 20,00,000. ಎರಡು ಲಕ್ಷದ ಕೊರತೆ ಎಲ್ಲಿಂದ ತುಂಬಬೇಕು? ಸಾಮಾನ್ಯವಾಗಿ ಮೂರು ನಕ್ಷತ್ರದ ಹೋಟೆಲಿನಿಂದ, ಎರಡು ಊಟಗಳಿಂದ, ಹಾಗೂ ಒಳ್ಳೆಯ ಮಾರ್ಗದರ್ಶಿಯಿಂದ. ‘ಕಂಪನಿ ಮೋಸ ಮಾಡಿತು’ ಎಂಬ ದೂರಿನ ಮೂಲ ಅನೇಕ ವೇಳೆ ಇಲ್ಲಿರುತ್ತದೆ.

ಆದುದರಿಂದ ದರವನ್ನು ಮೂರು ಹಂತಗಳಲ್ಲಿ ಪ್ರಕಟಿಸುವುದು ಕ್ಷೇಮ. ಮೇಲಿನ ಲೆಕ್ಕದ ಪ್ರಕಾರ ಮೂವತ್ತಕ್ಕೆ 1,00,000, ಇಪ್ಪತ್ನಾಲ್ಕಕ್ಕೆ 1,05,000, ಇಪ್ಪತ್ತಕ್ಕೆ 1,10,000. ಅದಕ್ಕೂ ಕಡಿಮೆಯಾದರೆ ಪ್ರವಾಸ ರದ್ದು. ದರ ಏರಬಹುದೆಂದು ಮೊದಲೇ ಓದಿ ಸಹಿ ಮಾಡಿದ ಸದಸ್ಯರು ಆಮೇಲೆ ಜಗಳಕ್ಕೆ ಬರುವುದಿಲ್ಲ. ಒಬ್ಬ ಸದಸ್ಯರು ಹಿಂದೆ ಸರಿದರೆ ಜೊತೆಗಾರರ ಕೊಠಡಿ ಒಂಟಿ ಕೊಠಡಿಯಾಗಿ ದರ ಏರುತ್ತದೆಂಬುದನ್ನೂ ಅದರಲ್ಲೇ ಬರೆಯಬೇಕು.

ಡಾಲರಿನ ಏರಿಳಿತ ಬೇರೆ. ತಲೆಗೆ 50,000 ರೂಪಾಯಿಯಷ್ಟು ಭಾಗ ಡಾಲರಿನಲ್ಲಿ ಸಲ್ಲಬೇಕಾಗಿದ್ದು, ಮುಂಗಡ ಕೊಟ್ಟ ದಿನದಿಂದ ಕೊನೆಯ ಕಂತಿನವರೆಗೆ ರೂಪಾಯಿ ಶೇಕಡಾ 3ರಷ್ಟು ಕುಸಿದರೆ ಮೂವತ್ತು ಜನಕ್ಕೆ 45,000 ರೂಪಾಯಿ ಹೆಚ್ಚಾಗುತ್ತದೆ. ಆಮದು ಮಾಡುವ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಪ್ರವಾಸ ಸಮಿತಿಯಲ್ಲಿ ಅವರಿರುವುದಿಲ್ಲ.

ವಿಮಾನದ ವಿಷಯದಲ್ಲಿ 2025ರ ಪಾಠವನ್ನು ಮರೆಯಲಾಗದು. ಆ ವರ್ಷದ ಏಪ್ರಿಲ್ ಕೊನೆಯ ವಾರದಲ್ಲಿ ಪಾಕಿಸ್ತಾನವು ತನ್ನ ವಾಯುಮಾರ್ಗವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ, ಭಾರತದ ವಿಮಾನ ಸಂಸ್ಥೆಯೊಂದರ ದೆಹಲಿ-ತಾಷ್ಕೆಂಟ್ ಸೇವೆ ಕೆಲವೇ ದಿನಗಳಲ್ಲಿ ನಿಂತಿತು. ಪ್ರವಾಸದ ಹಂಗಾಮು ಆಗ ತಾನೇ ತುಂಬಿತ್ತು. ಉಜ್ಬೇಕ್ ವಿಮಾನಗಳಿಗೆ ಆ ನಿರ್ಬಂಧ ಅನ್ವಯವಾಗಲಿಲ್ಲ. ವಿಮಾನ ರದ್ದಾದರೆ ಟಿಕೆಟಿನ ಹಣ ಮರಳಬಹುದು, ಆದರೆ ಹೋಟೆಲು ಮತ್ತು ಬಸ್ಸಿನ ಮುಂಗಡದ ಗತಿಯೇನು ಎಂಬುದನ್ನು ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು. ಬೆಂಗಳೂರು-ದೆಹಲಿ ಟಿಕೆಟನ್ನು ಪ್ರತ್ಯೇಕವಾಗಿ ಕೊಂಡಿದ್ದರೆ ದೆಹಲಿಯ ಮಂಜೋ ಮಳೆಯೋ ತಂದೊಡ್ಡುವ ವಿಳಂಬಕ್ಕೆ ಮುಂದಿನ ವಿಮಾನದವರು ಹೊಣೆಯಲ್ಲ. ಹುಬ್ಬಳ್ಳಿ, ದಾವಣಗೆರೆ, ಮಂಗಳೂರುಗಳಿಂದ ಬರುವವರು ಹಿಂದಿನ ದಿನವೇ ದೆಹಲಿ ಸೇರುವಂತೆ ಏರ್ಪಡಿಸುವುದು ದುಬಾರಿಯಾದರೂ ಅಗತ್ಯ.

ತೆರಿಗೆ ಮತ್ತು ಕಾಗದಪತ್ರ

ಸಂಘವೇ ಹಣ ಕೂಡಿಸಿ, ರಸೀತಿ ಕೊಟ್ಟು, ಪ್ರವಾಸವನ್ನು ಮಾರಿದರೆ ಕಾನೂನಿನ ದೃಷ್ಟಿಯಲ್ಲಿ ಅದೇ ಮಾರಾಟಗಾರನಾಗುವ ಸಂಭವವಿದೆ. ವಿದೇಶ ಪ್ರವಾಸ ಪ್ಯಾಕೇಜಿನ ಮೇಲೆ ಮೂಲದಲ್ಲಿ ತೆರಿಗೆ ಸಂಗ್ರಹಿಸುವ ಟಿ.ಸಿ.ಎಸ್. ವ್ಯವಸ್ಥೆ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದರ ದರ ಮತ್ತು ಮಿತಿಗಳು ಆಮೇಲೆ ಹಲವು ಬಾರಿ ಬದಲಾಗಿರುವುದರಿಂದ ಮುಂಗಡ ಪಡೆಯುವ ದಿನದ ದರವನ್ನು ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳಬೇಕು. ಈ ಮೊತ್ತ ವೆಚ್ಚವಲ್ಲ. ಸದಸ್ಯರ ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ. ಆದರೂ ಅಷ್ಟು ಕಾಲ ಹಣ ಕಟ್ಟಿಬೀಳುವುದು ನಿಜ. ಪ್ರತಿಯೊಬ್ಬರ ಪ್ಯಾನ್ ಸಂಖ್ಯೆಯೂ ಬೇಕು. ಅನುಭವಿ ಪ್ರವಾಸ ಸಂಸ್ಥೆಯು ಸದಸ್ಯರೊಡನೆ ನೇರವಾಗಿ ಕರಾರು ಮಾಡಿಕೊಂಡು, ಸಂಘವು ಮೇಲ್ವಿಚಾರಣೆಗಷ್ಟೇ ನಿಲ್ಲುವುದು ಸರಿಯಾದ ಮಾರ್ಗ. ಕುಟುಂಬ ಸಮೇತ ವಿಹಾರಕ್ಕೆ ಹೋಗಿ ಬಂದು ಅದನ್ನು ಸಂಸ್ಥೆಯ ‘ವ್ಯಾಪಾರ ಅಧ್ಯಯನ’ದ ಖರ್ಚಿಗೆ ಬರೆಯುವ ಅಭ್ಯಾಸ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ.

ಪಾಸ್‌ಪೋರ್ಟ್‌ಗಳ ಬಗ್ಗೆ ಕರ್ನಾಟಕದವರಿಗೆ ಒಂದು ವಿಶೇಷ ತೊಂದರೆಯಿದೆ. ಇನಿಷಿಯಲ್ ಬಳಸುವ ನಮ್ಮವರಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ. ಟಿಕೆಟಿನಲ್ಲಿ ಒಂದು ಬಗೆ, ವೀಸಾದಲ್ಲಿ ಇನ್ನೊಂದು ಬಗೆ ಹೆಸರು ಬಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆಯಾಗುತ್ತದೆ. ಕೊಲ್ಲಿಯ ಮೂಲಕ ಹೋಗುವವರು 2022ರ ನವೆಂಬರಿನಲ್ಲಿ ಯು.ಎ.ಇ. ಒಂಟಿ ಹೆಸರಿನ ಪಾಸ್‌ಪೋರ್ಟ್‌ಗಳ ಮೇಲೆ ತಂದ ನಿರ್ಬಂಧವನ್ನು ನೆನಪಿಡಬೇಕು. ಪಾಸ್‌ಪೋರ್ಟಿನ ಪ್ರತಿಯನ್ನು ನೋಡಿಯೇ ಹೆಸರು ಬರೆಯತಕ್ಕದ್ದು. ದೂರವಾಣಿಯಲ್ಲಿ ಕೇಳಿ ಬರೆಯಕೂಡದು.

ಔಷಧಿಗಳ ವಿಷಯ ಇದಕ್ಕಿಂತ ಗಂಭೀರ. ಟ್ರಮಡಾಲ್, ಕೋಡೀನ್ ಮುಂತಾದವುಗಳಿರುವ ನೋವಿನ ಮಾತ್ರೆ, ಕೆಮ್ಮಿನ ಔಷಧ, ನಿದ್ರೆಯ ಮಾತ್ರೆಗಳ ಮೇಲೆ ಉಜ್ಬೇಕಿಸ್ತಾನದಲ್ಲಿ ಬಿಗಿಯಾದ ನಿಯಂತ್ರಣವಿದೆ. ವೈದ್ಯರ ಚೀಟಿ ಜೊತೆಗಿರಬೇಕು, ಸುಂಕದ ಕಟ್ಟೆಯಲ್ಲಿ ಘೋಷಿಸಬೇಕು. ನೆರೆಮನೆಯವರು ಕೊಟ್ಟ ಮಾತ್ರೆಯ ಪೊಟ್ಟಣ ಒಯ್ಯಲೇಬಾರದು.

ಊಟ

ಆ ನಾಡಿನ ಮುಖ್ಯ ಭಕ್ಷ್ಯವಾದ ಪ್ಲೋವ್ ಎಂಬ ಅನ್ನವನ್ನು ಕುರಿಮಾಂಸದೊಡನೆಯೇ ಬೇಯಿಸುತ್ತಾರೆ. ಮಾಂಸವನ್ನು ಬದಿಗಿಟ್ಟು ಬಡಿಸಿದರೆ ಸಸ್ಯಾಹಾರವಾಯಿತೆಂಬ ಭಾವನೆ ಹೋಟೆಲಿನವರಲ್ಲಿ ಇರಬಹುದು. ತಂದೂರಿನ ರೊಟ್ಟಿ, ಕುಂಬಳದ ಸಮ್ಸಾ, ಮೊಸರು, ಹಣ್ಣು ಧಾರಾಳ. ಸಮರ್ಕಂದ್‌ನಲ್ಲಿ ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಬಹಳವಾಗಿರುವುದರಿಂದ ಭಾರತೀಯ ಊಟ ಸಿಗುತ್ತದೆ. ಬುಖಾರಾದಲ್ಲಿ ಮೊದಲೇ ಹೇಳಿಡಬೇಕು. ಈರುಳ್ಳಿ-ಬೆಳ್ಳುಳ್ಳಿ ತಿನ್ನದ ಸದಸ್ಯರಿದ್ದರೆ ಅವರ ಸಂಖ್ಯೆಯನ್ನು ಲಿಖಿತವಾಗಿ ತಿಳಿಸಬೇಕು.

ವರ್ತಕರು ನೋಡಬೇಕಾದ್ದು

ಮಾರ್ಗದರ್ಶಿಗಳು ಸಾಮಾನ್ಯವಾಗಿ ಗುಮ್ಮಟ, ಮಿನಾರುಗಳ ಎತ್ತರವನ್ನು ಹೇಳಿ ಮುಂದೆ ಸಾಗುತ್ತಾರೆ. ವರ್ತಕರ ತಂಡಕ್ಕೆ ಬುಖಾರಾದ ವ್ಯಾಪಾರ ಗುಮ್ಮಟಗಳಲ್ಲೇ ಅರ್ಧ ದಿನ ಬೇಕು. ದಾರಿಗಳು ಕೂಡುವ ಕಡೆ 16ನೆಯ ಶತಮಾನದಲ್ಲಿ ಕಟ್ಟಿದ ಈ ಗುಮ್ಮಟಗಳ ಅಡಿಯಲ್ಲಿ ಒಂದೊಂದು ಕಸುಬಿಗೆ ಒಂದೊಂದು ಜಾಗ: ಜರ್ಗರಾನ್ ಅಕ್ಕಸಾಲಿಗರದು, ತೆಲ್ಪಕ್ ಫುರುಶಾನ್ ಟೋಪಿ ಮಾರುವವರದು, ಸರ್ರಾಫಾನ್ ನಾಣ್ಯ ವಿನಿಮಯದವರದು. ಸರಾಫ ಎಂಬ ಮಾತು ನಮ್ಮ ಪೇಟೆಗಳಲ್ಲೂ ಬಳಕೆಯಲ್ಲಿದೆ. ಮುಲ್ತಾನ್, ಶಿಕಾರ್‌ಪುರಗಳ ಭಾರತೀಯ ಲೇವಾದೇವಿಗಾರರು ಇಲ್ಲಿ ತಲೆಮಾರುಗಳ ಕಾಲ ವ್ಯವಹರಿಸಿದರು. 1832ರಲ್ಲಿ ಬುಖಾರಾಕ್ಕೆ ಬಂದ ಅಲೆಕ್ಸಾಂಡರ್ ಬರ್ನ್ಸ್, ಸುಮಾರು 300 ಹಿಂದೂಗಳು ತಮ್ಮದೇ ಛತ್ರದಲ್ಲಿ ವಾಸವಾಗಿದ್ದರೆಂದು ದಾಖಲಿಸಿದ್ದಾನೆ.

ಸಣ್ಣ ಕೈಗಾರಿಕೆಯವರಿಗೆ ಸಮರ್ಕಂದ್ ಸಮೀಪದ ಕೊನಿಗಿಲ್ ಗ್ರಾಮದಲ್ಲಿ ಹಿಪ್ಪುನೇರಳೆಯ ತೊಗಟೆಯಿಂದ ಕಾಗದ ತಯಾರಿಸುವ, ನೀರಿನಿಂದ ನಡೆಯುವ ಕಾರ್ಯಾಗಾರವಿದೆ. ರೇಷ್ಮೆಗಾಗಿ ಹಿಪ್ಪುನೇರಳೆ ಬೆಳೆಯುವ ರಾಮನಗರ, ಕೋಲಾರದ ಕಡೆಯವರು ಗಿಡದ ತೊಗಟೆಗೂ ಬೆಲೆಯುಂಟೆಂಬುದನ್ನು ಅಲ್ಲಿ ಕಾಣಬಹುದು. ಬುಖಾರಾ ದಾರಿಯಲ್ಲಿ ಸಿಗುವ ಗಿಜ್ದುವಾನ್‌ನ ಕುಂಬಾರಿಕೆಯೂ ನೋಡತಕ್ಕದ್ದು. ರೈಲಿನಲ್ಲಿ ಹೋದವರಿಗೆ ಬುಖಾರಾದಿಂದ ಬಸ್ಸಿನಲ್ಲಿ ಹಿಂದಕ್ಕೆ ಬರಬೇಕಾಗುತ್ತದೆ.

ಕೊಳ್ಳುವವರಿಗೆ ಒಂದೆರಡು ಮಾತು. 2017ರ ಸೆಪ್ಟೆಂಬರಿನಲ್ಲಿ ವಿದೇಶಿ ವಿನಿಮಯವನ್ನು ಮುಕ್ತಗೊಳಿಸಿದ ಮೇಲೆ ಅಲ್ಲಿನ ‘ಸೋಮ್’ ಹಣವನ್ನು ಬ್ಯಾಂಕಿನಲ್ಲೇ ಸರಿಯಾದ ದರಕ್ಕೆ ಪಡೆಯಬಹುದು; ಬೀದಿಯ ವಿನಿಮಯಕ್ಕೆ ಕಾರಣವೇ ಇಲ್ಲ. ಭಾರತದಿಂದ ಹೊರಡುವಾಗ ಒಂದು ಪ್ರಯಾಣಕ್ಕೆ 3,000 ಡಾಲರಿಗೆ ಮೀರಿ ವಿದೇಶಿ ನೋಟುಗಳನ್ನು ಪಡೆಯುವಂತಿಲ್ಲ, ಉಳಿದದ್ದು ಕಾರ್ಡಿನಲ್ಲಿರಬೇಕು. 50 ವರ್ಷಕ್ಕೆ ಹಳೆಯದಾದ ಜಮಖಾನ, ಪಾತ್ರೆ, ಕಸೂತಿಗಳನ್ನು ಅನುಮತಿಯಿಲ್ಲದೆ ಆ ದೇಶದಿಂದ ಹೊರಗೊಯ್ಯಲಾಗದು. ಅಂಗಡಿಯವರು ‘ಇದು ಅಜ್ಜಿಯ ಕಾಲದ್ದು’ ಎಂದು ಹೊಗಳಿ ಮಾರಿದ ಹೊಸ ಸುಜಾನಿ ಬಟ್ಟೆಗೂ ತಯಾರಿಕೆಯ ವರ್ಷ ಬರೆದ ರಸೀತಿಯನ್ನು ಪಡೆದು, ಸರಕಿನೊಡನೆಯೇ ಇಟ್ಟುಕೊಳ್ಳಬೇಕು.