ಮುಂದಿನ ಲೆನ್ಸ್ ಕೊಳ್ಳುವ ಮುನ್ನ

ಮಿರರ್‌ಲೆಸ್ ಕ್ಯಾಮೆರಾ ಕೈಗೆ ಬಂದು ನಾಲ್ಕು ತಿಂಗಳಾಗುವುದರೊಳಗೆ ಮನಸ್ಸು ಮುಂದಿನ ಲೆನ್ಸಿನತ್ತ ಓಡುತ್ತದೆ. ಗೆಳೆಯ ಉದ್ದನೆಯ ಟೆಲಿಫೋಟೊ ಕೊಂಡನೆಂದು ನೀವೂ ಕೊಂಡರೆ ಅದು ಬೀರುವಿನಲ್ಲೇ ಉಳಿದೀತು. ಅವಸರ ಬೇಡ.

ಮೊದಲು ನೀವು ಈಚೆಗೆ ತೆಗೆದ ಇನ್ನೂರು ಚಿತ್ರಗಳನ್ನು ತೆರೆದು ನೋಡಿ. ಪ್ರತಿಯೊಂದರ ವಿವರದಲ್ಲೂ ಫೋಕಲ್ ಲೆಂತ್ ದಾಖಲಾಗಿರುತ್ತದೆ. 16-50 ಮಿ.ಮೀ. ಕಿಟ್ ಲೆನ್ಸಿನಲ್ಲಿ 16ರ ತುದಿಯಲ್ಲೇ ನಿಂತು ಜಾಗ ಸಾಲದೆನಿಸಿದ್ದರೆ ವೈಡ್ ಲೆನ್ಸ್ ಬೇಕು. 50ರಲ್ಲೂ ಹಕ್ಕಿ ದೂರವೇ ಉಳಿದಿದ್ದರೆ ಟೆಲಿ. ಮನೆಯೊಳಗೆ ಓಡಾಡುವ ಮಕ್ಕಳ ಚಿತ್ರ ಮಸುಕಾಗುತ್ತಿದ್ದರೆ ಎಫ್/1.8ರ ಪ್ರೈಮ್ ನೋಡಿ. ಎಫ್/5.6ಕ್ಕಿಂತ ಅದು ಸುಮಾರು ಹತ್ತು ಪಟ್ಟು ಬೆಳಕು ಒಳಬಿಡುತ್ತದೆ.

ಇನ್ನೊಂದು ಎಚ್ಚರ: ಎಪಿಎಸ್-ಸಿ ಸೆನ್ಸರ್ ಮೇಲೆ 50 ಮಿ.ಮೀ. ಲೆನ್ಸ್ ಫುಲ್‌ಫ್ರೇಮಿನ 75 ಅಥವಾ 80 ಮಿ.ಮೀ.ಯಂತೆ ಕಾಣಿಸುತ್ತದೆ. ಚಿಕ್ಕ ಕೋಣೆಯಲ್ಲಿ ಇಡೀ ಮನೆಮಂದಿ ಅದರಲ್ಲಿ ಹಿಡಿಸರು. ಮೌಂಟ್ ಹೊಂದುತ್ತದೆಯೇ ಎಂದು ವಿಚಾರಿಸಿ. ಸಾಧ್ಯವಾದರೆ ಎರಡು ದಿನ ಬಾಡಿಗೆಗೆ ತಂದು ಬಳಸಿ. ಮಳೆಗಾಲದ ತೇವಕ್ಕೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಗೂ ಸ್ವಲ್ಪ ಹಣ ತೆಗೆದಿಡಿ.

ನಿಮ್ಮ ಕೊರತೆ ಏನೆಂದು ಒಂದೇ ವಾಕ್ಯದಲ್ಲಿ ಹೇಳಲು ಬಂದ ದಿನ ಲೆನ್ಸ್ ಕೊಳ್ಳಿ. ಅಲ್ಲಿಯವರೆಗೆ ಕೈಯಲ್ಲಿರುವುದನ್ನೇ ಪಳಗಿಸಿಕೊಳ್ಳಿ.