ಎರಡೂ ಒಟ್ಟಿಗೆ ಬೇಡ

ದೊಡ್ಡಬಳ್ಳಾಪುರದ ನಮ್ಮನೆಯಲ್ಲಿ ಅಪ್ಪ ಓಡಿಸುತ್ತಿದ್ದ ಅಂಬಾಸಿಡರ್ ಇದೆ. 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ, ಇದ್ದದ್ದು ನಾಲ್ಕೇ ಗೇರು. ದೇವನಹಳ್ಳಿಯ ಹೆದ್ದಾರಿಯಲ್ಲಿ 80 ದಾಟಿದರೆ ಪಕ್ಕದವರ ಮಾತೂ ಕೇಳಿಸದಷ್ಟು ಸದ್ದು.

ಇಂಗ್ಲೆಂಡಿನ ಹಳೇ ಕಾರುಗಳಲ್ಲಿ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತಲೆಂದೇ ಲೇಕಾಕ್ ಓವರ್‌ಡ್ರೈವ್ ಇರುತ್ತಿತ್ತು. ನಮ್ಮಲ್ಲಿ ಆ ಕೆಲಸ ಐದನೇ ಗೇರಿನದು. ಅಂಬಾಸಿಡರ್‌ಗೆ ಅದು ಬಂದದ್ದು 90ರ ದಶಕದಲ್ಲಿ, ಇಸುಜು 1800 ಎಂಜಿನ್ ಜೊತೆ. ನಾನೂ ಗುಜರಿಯಲ್ಲಿ ಐದು ಗೇರಿನ ಬಾಕ್ಸ್ ಹುಡುಕಿದೆ. ಅಲ್ಲೇ ಹಿಂದಿನ ಆಕ್ಸಲ್ಲಿಗೆ 11-43 ಹಲ್ಲಿನ ಕ್ರೌನ್-ಪಿನಿಯನ್ ಜೋಡಿಯೂ ಸಿಕ್ಕಿತು. ಆಸೆಗೆ ಎರಡನ್ನೂ ಹಾಕಿಸಿದೆ.

ರಸ್ತೆ ಸಮ ಇದ್ದಲ್ಲಿ ಸುಖವೋ ಸುಖ. ನಂದಿ ಬೆಟ್ಟದ ತಿರುವಿನಲ್ಲಿ, ಮನೆಮಂದಿ ಐದು ಜನ ಕೂತಿದ್ದಾಗ, ಮೊದಲ ಗೇರಲ್ಲೂ ಕಾರು ಏದುಸಿರು ಬಿಟ್ಟಿತು. ಕ್ಲಚ್ ಸುಟ್ಟ ವಾಸನೆ. ಅಮ್ಮ ಇಳಿದು ನಡೆದರು. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಕಾರನ್ನು ಜಾಕ್ ಮೇಲೆ ಎತ್ತಿ, "ಮೊದಲು ಎಣಿಸಪ್ಪಾ, ಆಮೇಲೆ ಬಿಚ್ಚು" ಅಂದರು. ಹಳೇ ಜೋಡಿ 9-41, ಅಂದರೆ ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 4.55 ಸುತ್ತು. ಹೊಸದು 3.91. ಬಾಕ್ಸಿನ ಐದನೇ ಗೇರಲ್ಲಿ ಎಂಜಿನ್ 85 ಸುತ್ತಿದರೆ ಪ್ರೊಪೆಲ್ಲರ್ ಶಾಫ್ಟ್ 100 ಸುತ್ತುತ್ತಿತ್ತು. 4.55ನ್ನು 0.85ರಿಂದ ಗುಣಿಸಿ ನೋಡಿ: 3.87! ಹಳೇ ಕ್ರೌನ್ ಇದ್ದಿದ್ದರೂ ಐದನೇ ಗೇರು ನನಗೆ ಬೇಕಿದ್ದ ನೆಮ್ಮದಿಯನ್ನು ಕೊಡುತ್ತಿತ್ತು. 5.90-15 ಟೈರು ಒಂದು ಸುತ್ತಿಗೆ ಸುಮಾರು 2 ಮೀಟರ್ ಉರುಳುತ್ತದೆ. 80ರ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 3030 ಸುತ್ತುವ ಬದಲು 2580ಕ್ಕೆ ಇಳಿಯುತ್ತಿತ್ತು. ಎರಡನ್ನೂ ಬದಲಿಸಿ ನಾನು ಅದನ್ನು 2200ರ ಹತ್ತಿರಕ್ಕೆ ಎಳೆದಿದ್ದೆ. ಈ ಸಣ್ಣ ಎಂಜಿನ್ನಿಗೆ ಅಲ್ಲಿ ಎಳೆಯುವ ಶಕ್ತಿಯೇ ಸಾಲದು. ಕ್ರೌನ್ ಬದಲಿಸಿದರೆ ಐದೂ ಗೇರುಗಳು ಉದ್ದವಾಗಿ ಎಳೆತ ಕಳೆದುಕೊಳ್ಳುತ್ತವೆ, ಮೊದಲನೆಯದೂ ಸೇರಿ. ಬೆಟ್ಟದಲ್ಲಿ ಬೇಕಾದದ್ದೇ ಮೊದಲ ಗೇರಿನ ಆ ಎಳೆತ.

ಸ್ಪೀಡೋಮೀಟರಿನ ಕೇಬಲ್ ಗೇರ್‌ಬಾಕ್ಸಿನಿಂದ ಬರುವ ಕಾರಣ ನಿಜವಾದ 80ರಲ್ಲಿ ಮುಳ್ಳು 69 ತೋರಿಸುತ್ತಿತ್ತು ಅನ್ನುವುದೂ ಆಗಲೇ ತಿಳಿದದ್ದು.

9-41 ಜೋಡಿಯನ್ನೇ ವಾಪಸ್ ಕೂರಿಸಿದೆವು. ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಸವೆದು ಹೊಂದಿಕೊಂಡಿರುತ್ತವೆ, ಜೋಡಿ ಬೇರೆ ಮಾಡಿದರೆ ಗುಂಯ್‌ಗುಡುವ ಸದ್ದು ತಪ್ಪದು. ಅದಕ್ಕೇ 11-43 ಜೋಡಿಯನ್ನೂ ಒಟ್ಟಿಗೇ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಟ್ಟಿದ್ದೇನೆ. ಹೋದ ಕಾರ್ತಿಕದಲ್ಲಿ ಅಮ್ಮ ಬೆಟ್ಟದ ತುದಿಯವರೆಗೂ ಕಾರಲ್ಲೇ ಕೂತು ಬಂದರು.