ಆಸ್ತಿ ಇದೆ, ಹಣ ಎಲ್ಲಿದೆ? ವಲಸೆ ಹೋಗುವವರು ತೋರಿಸಬೇಕಾದ ಹಣದ ಲೆಕ್ಕ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

"ನಿಮ್ಮ ಮನೆಯವರ ಹತ್ತಿರ ಒಟ್ಟು ಎಷ್ಟಿದೆ?" ಎಂದು ದಾವಣಗೆರೆಯಲ್ಲಿ ಯಾರನ್ನು ಕೇಳಿದರೂ ಮೊದಲು ಮನೆಯ ಬೆಲೆ ಹೇಳುತ್ತಾರೆ. ಆಮೇಲೆ ಸೈಟು, ಆಮೇಲೆ ಒಡವೆ, ಆಮೇಲೆ ಚೀಟಿ. ಮಂಡಕ್ಕಿ ಬಟ್ಟಿ ನಡೆಸುವವರು ಗೋದಾಮಿನಲ್ಲಿರುವ ಭತ್ತವನ್ನೂ ಸೇರಿಸುತ್ತಾರೆ. ಬ್ಯಾಂಕಿನಲ್ಲಿರುವ ಹಣದ ಮಾತು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಆದರೆ ಬೇರೆ ದೇಶಕ್ಕೆ ನೆಲೆಸಲು ಹೋಗುವವರನ್ನು ಆ ದೇಶದ ಸರ್ಕಾರ ಕೇಳುವುದು ಈ ಕೊನೆಯ ಮಾತನ್ನೇ. ಉಳಿದದ್ದು ಎಷ್ಟೇ ಇದ್ದರೂ ಅವರ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಸೆಟಲ್‌ಮೆಂಟ್ ಫಂಡ್ಸ್, ಅಂದರೆ ನೆಲೆಯೂರುವ ಹಣ ಎಂದು ಹೆಸರು. ನಮ್ಮ ಮೊಹಲ್ಲಾಗಳ ಅಣ್ಣಂದಿರು, ಅಕ್ಕಂದಿರು ಈಗ ಕೆನಡಾ, ಜರ್ಮನಿ ಎಂದು ಹೊರಡುತ್ತಿರುವುದರಿಂದ ಈ ವಿಷಯ ನಮಗೂ ತಿಳಿದಿರಬೇಕು. ಅಕೌಂಟೆನ್ಸಿ ಓದುವವರಿಗೆ ಇದು ಕಷ್ಟದ ವಿಷಯವೇನಲ್ಲ.

ಗಲ್ಫ್ ಬೇರೆ, ಕೆನಡಾ ಬೇರೆ

ನಮ್ಮ ಹಿರಿಯರಿಗೆ ವಿದೇಶ ಎಂದರೆ ಸೌದಿ, ದುಬೈ, ಕುವೈತ್. ಅಲ್ಲಿಗೆ ಹೋಗುವವರನ್ನು ನಿಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೆಲಸ ಕೊಡುವ ಕಫೀಲ್ ಅವರ ಜವಾಬ್ದಾರಿ ಹೊರುತ್ತಿದ್ದ. ಕೆಲಸ ಮುಗಿದರೆ ವಾಪಸ್ ಬರುವುದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ 1983ರ ವಲಸೆ ಕಾಯಿದೆಯ ಪ್ರಕಾರ ನಮ್ಮ ಸರ್ಕಾರದ ಅನುಮತಿ ಬೇಕಿತ್ತು, ಈಗಲೂ ಬೇಕು. ಅದು ಕಾರ್ಮಿಕರಿಗೆ ಮೋಸವಾಗದಿರಲಿ ಎಂಬ ನಿಯಮ, ಹಣದ ನಿಯಮವಲ್ಲ.

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ 2015ರ ಜನವರಿಯಲ್ಲಿ ಶುರುವಾಯಿತು. ಅದರಲ್ಲಿ ಫೆಡರಲ್ ಸ್ಕಿಲ್ಡ್ ವರ್ಕರ್ ವಿಭಾಗದಿಂದ ಅರ್ಜಿ ಹಾಕುವವರಿಗೆ ಕೆಲಸ ಸಿಗುವ ಮೊದಲೇ ಖಾಯಂ ನಿವಾಸದ ವೀಸಾ ಸಿಗಬಹುದು. ಅಲ್ಲಿ ಕಫೀಲ್ ಇಲ್ಲ. ವಿಮಾನ ಇಳಿದ ದಿನದಿಂದ ಬಾಡಿಗೆ, ಊಟ, ಚಳಿಗಾಲದ ಬಟ್ಟೆ ಎಲ್ಲವೂ ನಮ್ಮ ಖರ್ಚು. ಅದಕ್ಕೇ ಮೊದಲು ಹಣ ತೋರಿಸಿ ಎನ್ನುತ್ತಾರೆ. ಕೆನಡಾದಲ್ಲೇ ಕೆಲಸ ಮಾಡಿದ ಅನುಭವದ ಮೇಲೆ ಕೆನೇಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್ ವಿಭಾಗದಲ್ಲಿ ಅರ್ಜಿ ಹಾಕುವವರಿಗೆ ಈ ಷರತ್ತು ಇಲ್ಲ.

ಎಷ್ಟು ಹಣ, ಅಷ್ಟೇ ಏಕೆ?

2025ರ ಜುಲೈನ ಪಟ್ಟಿಯ ಪ್ರಕಾರ ಒಬ್ಬರಿಗೆ 15,263 ಕೆನಡಾ ಡಾಲರ್, ಇಬ್ಬರ ಕುಟುಂಬಕ್ಕೆ 19,001, ಮೂವರಿಗೆ 23,360, ನಾಲ್ವರಿಗೆ 28,362. ಈ ಪಟ್ಟಿ ವರ್ಷಕ್ಕೊಮ್ಮೆ ಬದಲಾಗುತ್ತದೆ. 2023ರಲ್ಲಿ ಒಬ್ಬರಿಗೆ 13,757 ಇತ್ತು. ಹಾಗಾಗಿ ಅರ್ಜಿ ಹಾಕುವಾಗ ಆ ವರ್ಷದ ಪಟ್ಟಿಯನ್ನೇ ನೋಡಬೇಕು.

ಈ ಮೊತ್ತ ಎಲ್ಲಿಂದ ಬಂತು? ಒಂದು ಕುಟುಂಬ ಬದುಕಲು ಕನಿಷ್ಠ ಎಷ್ಟು ವಾರ್ಷಿಕ ಆದಾಯ ಬೇಕು ಎಂದು ಆ ದೇಶ ಲೆಕ್ಕ ಹಾಕಿದೆ. ಅದರ ಅರ್ಧ ಭಾಗವೇ ಈ ಹಣ. ಅಂದರೆ ಕೆಲಸ ಸಿಗದಿದ್ದರೂ ಆರು ತಿಂಗಳು ಹೇಗಾದರೂ ದಿನ ದೂಡಬೇಕು ಎಂಬ ಲೆಕ್ಕ. 15,263ನ್ನು ಆರರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 2,544 ಡಾಲರ್ ಆಗುತ್ತದೆ. ಎರಡನೆಯವರು ಸೇರಿದರೆ ಹೆಚ್ಚಾಗುವುದು 3,738 ಡಾಲರ್ ಮಾತ್ರ, ಏಕೆಂದರೆ ಒಂದೇ ಮನೆ, ಒಂದೇ ಒಲೆ.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಹೆಂಡತಿ, ಮಕ್ಕಳು ಈಗ ಜೊತೆಗೆ ಹೋಗದಿದ್ದರೂ ಅವರನ್ನು ಕುಟುಂಬದ ಲೆಕ್ಕಕ್ಕೆ ಸೇರಿಸಲೇಬೇಕು. "ನಾನು ಒಬ್ಬನೇ ಹೋಗುತ್ತೇನೆ, ಅವರು ಆಮೇಲೆ ಬರುತ್ತಾರೆ" ಎಂದರೆ ಮೊತ್ತ ಕಡಿಮೆಯಾಗುವುದಿಲ್ಲ.

ಮೂರು ಷರತ್ತುಗಳು

ಕೆನಡಾದ ವಲಸೆ ನಿಯಮದಲ್ಲಿ ಈ ಹಣಕ್ಕೆ ಮೂರು ಗುಣಗಳಿರಬೇಕು: ಕೈಗೆ ಸಿಗುವಂತಿರಬೇಕು, ಅಲ್ಲಿಗೆ ಸಾಗಿಸುವಂತಿರಬೇಕು, ಸಾಲ ಅಥವಾ ಬೇರೆ ಹೊಣೆಯಿಂದ ಮುಕ್ತವಾಗಿರಬೇಕು. ಇದನ್ನು ನಮ್ಮ ಪಾಠಕ್ಕೆ ಹೋಲಿಸಿ ನೋಡೋಣ.

ಅನುಪಾತಗಳ ಅಧ್ಯಾಯದಲ್ಲಿ ಚಾಲ್ತಿ ಅನುಪಾತ 2:1 ಇರಬೇಕು, ತ್ವರಿತ ಅನುಪಾತ 1:1 ಇರಬೇಕು ಎಂದು ಓದುತ್ತೇವೆ. ತ್ವರಿತ ಅನುಪಾತದಲ್ಲಿ ಸರಕು ದಾಸ್ತಾನನ್ನು ಬಿಡುತ್ತೇವೆ, ಏಕೆಂದರೆ ಅದು ಬೇಗ ನಗದಾಗುತ್ತದೆ ಎಂಬ ಖಾತ್ರಿ ಇಲ್ಲ. ವೀಸಾ ಅಧಿಕಾರಿ ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅವರು ಸ್ಥಿರಾಸ್ತಿಯನ್ನು ಬಿಡುತ್ತಾರೆ, ದಾಸ್ತಾನನ್ನು ಬಿಡುತ್ತಾರೆ, ಬೇರೆಯವರಿಂದ ಬರಬೇಕಾದ ಬಾಕಿಯನ್ನೂ ಬಿಡುತ್ತಾರೆ. ಉಳಿಯುವುದು ಬ್ಯಾಂಕ್ ಖಾತೆ, ಮುರಿಸಬಹುದಾದ ಠೇವಣಿ ಮತ್ತು ಮಾರಬಹುದಾದ ಹೂಡಿಕೆ.

ಸಾಗಿಸುವ ವಿಷಯದಲ್ಲಿ ನಮ್ಮ ಕಡೆಯ ನಿಯಮವೂ ಇದೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ನಮ್ಮಂಥ ಕುಟುಂಬಗಳಿಗೆ ಈ ಮಿತಿ ಸಾಕಷ್ಟು ದೊಡ್ಡದು. ಇನ್ನು 10,000 ಕೆನಡಾ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ಜೊತೆಯಲ್ಲೇ ಒಯ್ದರೆ ಅಲ್ಲಿನ ಗಡಿ ಅಧಿಕಾರಿಗಳಿಗೆ ತಿಳಿಸಬೇಕು.

ಹರಿಹರದ ಒಂದು ಲೆಕ್ಕ

ನಮ್ಮ ಫೂಫಿಯ ಮಗ ಹರಿಹರದವರು. ಬೆಂಗಳೂರಿನಲ್ಲಿ ಕೆಲಸ. ಮನೆಯಲ್ಲಿ ಭಾಭಿ ಮತ್ತು ಮೂರು ವರ್ಷದ ಮಗಳು. ಭಾಯಿಜಾನ್ ಅರ್ಜಿಯ ತಯಾರಿ ಮಾಡುವಾಗ, "ಕಾಮರ್ಸ್ ಓದುತ್ತೀಯಲ್ಲ, ಬಾ" ಎಂದು ನನ್ನನ್ನು ಕೂರಿಸಿಕೊಂಡು ಲೆಕ್ಕ ಬರೆಸಿದರು. ಅವರ ಒಪ್ಪಿಗೆಯಿಂದಲೇ ಸುತ್ತಿನ ಸಂಖ್ಯೆಗಳಲ್ಲಿ ಅದನ್ನು ಇಲ್ಲಿ ಕೊಡುತ್ತಿದ್ದೇನೆ. ಒಂದು ಕೆನಡಾ ಡಾಲರ್‌ಗೆ 60 ರೂಪಾಯಿ ಎಂದು ಹಿಡಿದರೆ ಮೂವರಿಗೆ ಬೇಕಾದದ್ದು 14,01,600 ರೂಪಾಯಿ.

ಹರಿಹರದ ಮನೆ: ಫೂಫಾ ಹೆಸರಿನಲ್ಲಿದೆ. ಲೆಕ್ಕಕ್ಕಿಲ್ಲ.
ದಾವಣಗೆರೆ ಹೊರವಲಯದ ಸೈಟು: ಭಾಯಿಜಾನ್ ಹೆಸರಿನಲ್ಲೇ ಇದೆ. ಆದರೂ ಲೆಕ್ಕಕ್ಕಿಲ್ಲ, ಸ್ಥಿರಾಸ್ತಿಯ ಬೆಲೆಯನ್ನು ತೋರಿಸುವಂತಿಲ್ಲ.
ಭವಿಷ್ಯ ನಿಧಿ: ಬೇಕೆಂದಾಗ ಪೂರ್ತಿ ಕೈಗೆ ಬರುವಂಥದ್ದಲ್ಲ. ಬಿಟ್ಟೆವು.
ಭಾಭಿಯ ಒಡವೆ: ಪೆಟ್ಟಿಗೆಯಲ್ಲಿರುವವರೆಗೆ ಲೆಕ್ಕಕ್ಕಿಲ್ಲ.
ಚೀಟಿ: ಹಣ ಕೈಗೆ ಬರುವವರೆಗೆ ಲೆಕ್ಕಕ್ಕಿಲ್ಲ.
ಉಳಿತಾಯ ಖಾತೆ: 5,40,000.
ಠೇವಣಿ: 3,60,000.
ಕ್ರೆಡಿಟ್ ಕಾರ್ಡ್ ಮತ್ತು ವೈಯಕ್ತಿಕ ಸಾಲ: 80,000 ಕಳೆಯಬೇಕು.

ಉಳಿದದ್ದು 8,20,000. ಕೊರತೆ 5,81,600. ಮನೆ, ಸೈಟು ಇರುವ ಕುಟುಂಬ ಕಾಗದದ ಮೇಲೆ ಹೀಗೆ ಕಂಡಿತು. ಫೂಫಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಕೊರತೆ ತುಂಬಿದ್ದು ಎರಡು ಕಡೆಯಿಂದ. ಚೀಟಿಯ 2,00,000 ಚೆಕ್ ಮೂಲಕ ಬಂತು. ಅದು ನೋಂದಾಯಿತ ಚೀಟಿಯಾಗಿದ್ದರಿಂದ ಪಾಸ್‌ಬುಕ್ ಇತ್ತು. ಓಣಿಯಲ್ಲಿ ಬಾಯಿಮಾತಿನ ಮೇಲೆ ನಡೆಯುವ ಚೀಟಿಯಾಗಿದ್ದರೆ ಹಣ ಎಲ್ಲಿಂದ ಬಂತು ಎಂದು ತೋರಿಸಲು ಒಂದು ತುಂಡು ಕಾಗದವೂ ಇರುತ್ತಿರಲಿಲ್ಲ. ಎರಡನೆಯದು ಒಡವೆ. ಅದರಲ್ಲಿ ಹೆಚ್ಚಿನದು ಭಾಭಿಯ ಮೆಹರ್. ಅದು ಅವರ ಸ್ವಂತ ಸೊತ್ತು, ಅದರ ಮೇಲೆ ಗಂಡನಿಗೂ ಅತ್ತೆಗೂ ಹಕ್ಕಿಲ್ಲ. ಹಾಗಾಗಿ ಯಾರೂ ಕೇಳಲಿಲ್ಲ. ಒಂದು ವಾರದ ನಂತರ ಭಾಭಿ ತಾವಾಗಿಯೇ, "ಬಳೆಗಳನ್ನು ಕೊಡುತ್ತೇನೆ. ಆದರೆ ಹಣ ನನ್ನ ಹೆಸರೂ ಇರುವ ಖಾತೆಗೆ ಹೋಗಬೇಕು" ಎಂದರು. ಜಂಟಿ ಖಾತೆ ತೆರೆದು, ಅಂಗಡಿಯಿಂದ ಬಿಲ್ ಪಡೆದು, 4,50,000ವನ್ನು ನೇರವಾಗಿ ಖಾತೆಗೇ ಹಾಕಿಸಿದರು. ಅರ್ಜಿದಾರರ ಹೆಸರೂ ಇರುವ ಜಂಟಿ ಖಾತೆಯ ಹಣ ಲೆಕ್ಕಕ್ಕೆ ಬರುತ್ತದೆ. ಸಂಗಾತಿಯೊಬ್ಬರ ಹೆಸರಿನಲ್ಲೇ ಇದ್ದರೆ ಆ ಹಣ ಬಳಸುವ ಅಧಿಕಾರ ತಮಗಿದೆ ಎಂದು ಬೇರೆಯಾಗಿ ಸಾಬೀತುಪಡಿಸಬೇಕು.

ಈಗ ಒಟ್ಟು 14,70,000. ಬೇಕಾದದ್ದಕ್ಕಿಂತ 68,400 ಹೆಚ್ಚು. ಆದರೆ ಡಾಲರ್ 63 ರೂಪಾಯಿ ಆದರೆ ಬೇಕಾಗುವುದು 14,71,680, ಆಗ 1,680 ರೂಪಾಯಿ ಕಡಿಮೆ! ಅರ್ಜಿ ಹಾಕುವಾಗಲೂ ವೀಸಾ ಕೊಡುವಾಗಲೂ ಹಣ ಇರಬೇಕಾದ್ದರಿಂದ ವಿನಿಮಯ ದರಕ್ಕಾಗಿ ಒಂದಿಷ್ಟು ಹೆಚ್ಚು ಇಟ್ಟುಕೊಳ್ಳುವುದು ಜಾಣತನ. ಭಾಯಿಜಾನ್ ಈಗ ಪ್ರತಿ ತಿಂಗಳು ಸಂಬಳದಲ್ಲಿ 15,000 ಸೇರಿಸುತ್ತಿದ್ದಾರೆ.

ಹತ್ತು ದಿನದ ಲಕ್ಷಾಧಿಪತಿ

ಇದೇ ಸಮಯದಲ್ಲಿ ಪರಿಚಯದವರೊಬ್ಬರು ಬಂದು, "ಆರು ಲಕ್ಷ ಹತ್ತು ದಿನ ನಿಮ್ಮ ಖಾತೆಯಲ್ಲಿ ಇಡುತ್ತೇನೆ, ಪತ್ರ ತೆಗೆದುಕೊಂಡ ಮೇಲೆ ವಾಪಸ್ ಕೊಡಿ, ಕಮಿಷನ್ ಇಷ್ಟು" ಎಂದರು. ಇಂಥ ಮಾತು ನಮ್ಮೂರಲ್ಲಿ ಹೊಸದಲ್ಲ. ಅದು ಏಕೆ ನಡೆಯುವುದಿಲ್ಲ ಎಂದು ಲೆಕ್ಕದಿಂದಲೇ ನೋಡೋಣ.

ಬ್ಯಾಂಕ್ ಪತ್ರದಲ್ಲಿ ಇಂದಿನ ಬಾಕಿಯ ಜೊತೆಗೆ ಹಿಂದಿನ ಆರು ತಿಂಗಳ ಸರಾಸರಿ ಬಾಕಿಯೂ ಇರಬೇಕು. ಒಬ್ಬರ ಖಾತೆಯಲ್ಲಿ 170 ದಿನ 2,00,000, ಕೊನೆಯ 10 ದಿನ 15,00,000 ಇತ್ತು ಎನ್ನೋಣ. ಪಾಲುದಾರಿಕೆಯ ಪಾಠದಲ್ಲಿ ಹಣ ಸೆಳೆತದ ಬಡ್ಡಿಗೆ ಪ್ರಾಡಕ್ಟ್ ಮೆಥಡ್ ಬಳಸುತ್ತೇವಲ್ಲ, ಹಾಗೆಯೇ ಮೊತ್ತವನ್ನು ದಿನಗಳಿಂದ ಗುಣಿಸಿ:

2,00,000 × 170 = 3,40,00,000
15,00,000 × 10 = 1,50,00,000
ಒಟ್ಟು 4,90,00,000 ÷ 180 = 2,72,222

ಬಾಕಿ 15 ಲಕ್ಷ, ಸರಾಸರಿ 2.72 ಲಕ್ಷ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಹಣ ನಿನ್ನೆ ಮೊನ್ನೆ ಬಂದದ್ದೆಂದು ಗೊತ್ತಾಗುತ್ತದೆ. ಬೇರೆಯವರಿಂದ ಸಾಲ ತಂದ ಹಣವನ್ನು ತೋರಿಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಕೆನಡಾದ ವಲಸೆ ಕಾಯಿದೆಯ 40ನೇ ಸೆಕ್ಷನ್ ಪ್ರಕಾರ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಫೂಫಾ ಆ ವ್ಯಕ್ತಿಗೆ ಚಹಾ ಕೊಟ್ಟು ಕಳಿಸಿದರು.

ಹಿಬಾ ಬೇರೆ, ಕರ್ಜ್ ಬೇರೆ

ಹಾಗಾದರೆ ಅಪ್ಪ, ಚಾಚಾ ಕೊಟ್ಟ ಹಣ? ಅದು ನಿಜವಾದ ಉಡುಗೊರೆಯಾಗಿದ್ದರೆ ತೋರಿಸಬಹುದು. ಯಾರು ಕೊಟ್ಟರು, ವಾಪಸ್ ಕೊಡಬೇಕಾಗಿಲ್ಲ ಎಂಬ ಪತ್ರ, ಅವರ ಖಾತೆಯಿಂದ ಇವರ ಖಾತೆಗೆ ಬಂದ ದಾಖಲೆ ಎರಡೂ ಬೇಕು. ಹತ್ತಿರದ ಸಂಬಂಧಿಕರ ಉಡುಗೊರೆಗೆ ನಮ್ಮ ದೇಶದಲ್ಲಿ ಆದಾಯ ತೆರಿಗೆಯೂ ಇಲ್ಲ.

ಮುಸ್ಲಿಂ ಕಾನೂನಿನಲ್ಲಿ ಉಡುಗೊರೆಗೆ ಹಿಬಾ ಎನ್ನುತ್ತಾರೆ. ಅದಕ್ಕೆ ಮೂರು ಅಂಗಗಳು: ಕೊಡುವವರು ಕೊಟ್ಟೆ ಎನ್ನುವುದು, ಪಡೆಯುವವರು ಒಪ್ಪುವುದು, ವಸ್ತುವನ್ನು ಕೈಗೆ ಒಪ್ಪಿಸುವುದು. ಬಾಯಿಮಾತಿನ ಹಿಬಾ ಕೂಡ ಸಿಂಧು. ಆದರೆ ಸಾವಿರಾರು ಮೈಲಿ ದೂರದ ಅಧಿಕಾರಿಗೆ ನಮ್ಮ ಬಾಯಿಮಾತು ಕೇಳಿಸುವುದಿಲ್ಲ, ಅದಕ್ಕೇ ಕಾಗದ ಬೇಕು. "ಅಲ್ಲಿ ಕೆಲಸ ಸಿಕ್ಕ ಮೇಲೆ ವಾಪಸ್ ಕೊಡು" ಎಂದು ಒಳಗೊಳಗೇ ಮಾತಾಗಿದ್ದರೆ ಅದು ಹಿಬಾ ಅಲ್ಲ, ಕರ್ಜ್. ಕರ್ಜ್‌ಗೆ ಹಿಬಾ ಎಂದು ಹೆಸರಿಟ್ಟರೆ ವೀಸಾ ಅಧಿಕಾರಿಗೂ ಸುಳ್ಳು, ದೀನಿನ ಲೆಕ್ಕದಲ್ಲೂ ಸುಳ್ಳು.

ಬಡ್ಡಿ ಬೇಡ ಎಂದು ಠೇವಣಿ ಇಡದ ಮನೆಗಳು ನಮ್ಮಲ್ಲಿ ಹಲವು. ಅವರು ಹೆದರಬೇಕಾಗಿಲ್ಲ. ನಿಯಮ ಕೇಳುವುದು ಬಾಕಿಯನ್ನು, ಬಡ್ಡಿಯನ್ನಲ್ಲ. ಚಾಲ್ತಿ ಖಾತೆಯಲ್ಲಿದ್ದ ಹಣವೂ ಹಣವೇ. ಆದರೆ ಬೀರುವಿನಲ್ಲಿಟ್ಟ ಹಣಕ್ಕೆ ಸರಾಸರಿ ಬಾಕಿ ಇರುವುದಿಲ್ಲ.

ಬ್ಯಾಂಕ್ ಪತ್ರದಲ್ಲಿ ಏನಿರಬೇಕು?

ಸಾಮಾನ್ಯ ಬ್ಯಾಲೆನ್ಸ್ ಸರ್ಟಿಫಿಕೇಟಿನಲ್ಲಿ ಆ ದಿನದ ಮೊತ್ತ ಮಾತ್ರ ಇರುತ್ತದೆ. ಅದು ಸಾಲದು. ಬ್ಯಾಂಕಿನ ಲೆಟರ್‌ಹೆಡ್ಡಿನ ಮೇಲೆ ಈ ವಿವರಗಳನ್ನು ಕೇಳಿ ಬರೆಸಿಕೊಳ್ಳಬೇಕು:

1. ಬ್ಯಾಂಕಿನ ವಿಳಾಸ, ಫೋನ್, ಇಮೇಲ್
2. ಅರ್ಜಿದಾರರ ಹೆಸರು
3. ಪ್ರತಿ ಖಾತೆಯ ಸಂಖ್ಯೆ ಮತ್ತು ತೆರೆದ ದಿನಾಂಕ
4. ಇಂದಿನ ಬಾಕಿ
5. ಆರು ತಿಂಗಳ ಸರಾಸರಿ ಬಾಕಿ
6. ಕ್ರೆಡಿಟ್ ಕಾರ್ಡ್ ಮತ್ತು ಇತರ ಸಾಲಗಳ ವಿವರ

ಕನ್ನಡ ಅಥವಾ ಉರ್ದುವಿನಲ್ಲಿರುವ ದಾಖಲೆಗಳಿದ್ದರೆ ಇಂಗ್ಲಿಷ್ ಇಲ್ಲವೇ ಫ್ರೆಂಚ್ ಅನುವಾದ ಜೊತೆಗಿರಬೇಕು.

ಓದಲು ಹೋಗುವವರಿಗೆ

ವಿದ್ಯಾರ್ಥಿಗಳಿಗೂ ಇಂಥದ್ದೇ ನಿಯಮಗಳಿವೆ, ರೀತಿ ಬೇರೆ. ಬ್ರಿಟನ್ ಹಣ 28 ದಿನ ಸತತವಾಗಿ ಖಾತೆಯಲ್ಲಿತ್ತೇ ಎಂದು ನೋಡುತ್ತದೆ. ಒಂದೇ ದಿನ ಮೊತ್ತ ಕೆಳಗಿಳಿದರೂ ಎಣಿಕೆ ಮೊದಲಿನಿಂದ. ಜರ್ಮನಿಯವರು ಬ್ಲಾಕ್ಡ್ ಅಕೌಂಟ್ ತೆರೆಸುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಕೈಗೆ ಸಿಗುತ್ತದೆ. ಕೆನಡಾದಲ್ಲಿ ಓದುವ ಒಬ್ಬರು ಶುಲ್ಕ ಬಿಟ್ಟು ಜೀವನ ವೆಚ್ಚಕ್ಕೆ ತೋರಿಸಬೇಕಾದದ್ದು ಬಹಳ ವರ್ಷ 10,000 ಡಾಲರ್ ಇತ್ತು, 2024ರ ಜನವರಿಯಲ್ಲಿ ಒಮ್ಮೆಗೇ 20,635 ಆಯಿತು.

ನಾವು ಈಗ ಮಾಡಬಹುದಾದದ್ದು

ನಮ್ಮಲ್ಲಿ ಹೆಚ್ಚಿನವರು ಎಲ್ಲಿಗೂ ಹೋಗದೆ ಇರಬಹುದು. ಆದರೂ ಮೂರು ಕೆಲಸಗಳು ಎಲ್ಲರಿಗೂ ಉಪಯೋಗ. ಒಂದು, ಮಾರ್ಕ್ಸ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ನಮ್ಮ ಹೆಸರಿನ ಕಾಗುಣಿತ ಒಂದೇ ಇದೆಯೇ ಎಂದು ಇಂದೇ ನೋಡಿ. ನಮ್ಮಲ್ಲಿ ಮೊಹಮ್ಮದ್ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ರೀತಿ ಬರೆಯುತ್ತಾರೆ. ಎರಡು, ಮನೆಯ ದೊಡ್ಡ ವ್ಯವಹಾರಗಳ ಬಿಲ್ಲು, ರಸೀದಿಗಳನ್ನು ಒಂದು ಫೈಲಿನಲ್ಲಿ ಇಡಿ. ಮೂರು, ಹೆಣ್ಣುಮಕ್ಕಳ ಹಣ, ಒಡವೆಗೂ ಅವರದೇ ಹೆಸರಿನ ದಾಖಲೆ ಇರಲಿ.

ನಮ್ಮ ಹಿರಿಯರು ದುಡಿದದ್ದು ಕಡಿಮೆಯೇನಲ್ಲ. ದುಡಿದದ್ದನ್ನು ಇಟ್ಟಿಗೆಯಲ್ಲಿ, ಭತ್ತದಲ್ಲಿ, ಬಂಗಾರದಲ್ಲಿ, ನಂಬಿಕೆಯಲ್ಲಿ ಇಟ್ಟರು. ಅದನ್ನು ಕಾಗದದ ಮೇಲೆ ಕಾಣುವಂತೆ ಬರೆದಿಡುವುದು ಲೆಕ್ಕ ಕಲಿತ ನಮ್ಮ ಕೆಲಸ.